ಹುಬ್ಬಳ್ಳಿಯಿಂದ ಮೈಸೂರಿಗೆ: ವಿಮಾನದ ದೂರ ಮತ್ತು ಹಾರಾಟದ ಸಮಯವನ್ನು ಲೆಕ್ಕ ಹಾಕುವ ಬಗೆ

ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳು ಗೊತ್ತಿದ್ದರೆ ಅವುಗಳ ನಡುವಿನ ನೇರ ದೂರವನ್ನು ಕಾಗದ, ಪೆನ್ನು ಮತ್ತು ಸಾಮಾನ್ಯ ಕ್ಯಾಲ್ಕುಲೇಟರಿನಿಂದಲೇ ಕಂಡುಕೊಳ್ಳಬಹುದು. ಸಮಯವನ್ನು ಅಂದಾಜಿಸಲು ಮಾತ್ರ ಆ ದಾರಿಯಲ್ಲಿ ಯಾವ ಬಗೆಯ ವಿಮಾನ ಹಾರುತ್ತದೆ ಎಂಬುದೂ ತಿಳಿದಿರಬೇಕು.

ಹುಬ್ಬಳ್ಳಿ ನಿಲ್ದಾಣವು ಸುಮಾರು 15°22′ ಉತ್ತರ, 75°05′ ಪೂರ್ವದಲ್ಲಿದೆ. ಮೈಸೂರಿನ ಮಂಡಕಳ್ಳಿ ನಿಲ್ದಾಣವು 12°14′ ಉತ್ತರ, 76°39′ ಪೂರ್ವದಲ್ಲಿದೆ. ಅಕ್ಷಾಂಶದ ಒಂದು ಮಿನಿಟು (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಬಹುತೇಕ ಒಂದು ನಾಟಿಕಲ್ ಮೈಲಿಗೆ, ಅಂದರೆ 1.852 ಕಿ.ಮೀ.ಗೆ ಸಮವಾಗಿರುವುದರಿಂದ ಲೆಕ್ಕ ಬಹಳ ಸುಲಭವಾಗುತ್ತದೆ. ಅಕ್ಷಾಂಶಗಳ ವ್ಯತ್ಯಾಸ 3°08′, ಅಂದರೆ 188 ನಾಟಿಕಲ್ ಮೈಲಿ. ರೇಖಾಂಶಗಳ ವ್ಯತ್ಯಾಸ 94 ಮಿನಿಟು. ಆದರೆ ಧ್ರುವಗಳತ್ತ ಸಾಗಿದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಇದನ್ನು ನಡುವಣ ಅಕ್ಷಾಂಶದ (13°48′) ಕೊಸೈನ್ ಆದ 0.971ರಿಂದ ಗುಣಿಸಬೇಕು, ಆಗ ಸುಮಾರು 91 ಉಳಿಯುತ್ತದೆ. ಇವೆರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 209 ನಾಟಿಕಲ್ ಮೈಲಿ, ಎಂದರೆ 387 ಕಿ.ಮೀ. ಸಿಗುತ್ತದೆ. ಇಷ್ಟು ಚಿಕ್ಕ ದೂರಕ್ಕೆ ಭೂಮಿಯ ಗೋಳಾಕಾರದ ದೊಡ್ಡ ಸೂತ್ರ ಬೇಕಾಗುವುದಿಲ್ಲ.

ಮಂಡಕಳ್ಳಿಯ ರನ್‌ವೇ 1,740 ಮೀಟರ್ ಉದ್ದವಿದ್ದು, ಎಟಿಆರ್ 72ರಂತಹ ಪ್ರೊಪೆಲ್ಲರ್ ವಿಮಾನಗಳಿಗೆ ಒಗ್ಗುವಂಥದ್ದು. ಆದುದರಿಂದ ಜೆಟ್ ವಿಮಾನದ ವೇಗವನ್ನು ಹಿಡಿದು ಲೆಕ್ಕ ಮಾಡಿದರೆ ಉತ್ತರ ತಪ್ಪುತ್ತದೆ. ಎಟಿಆರ್ ಗಂಟೆಗೆ ಸುಮಾರು 270 ನಾಟಿಕಲ್ ಮೈಲಿ ವೇಗದಲ್ಲಿ ಸಾಗುತ್ತದೆ ಎಂದಿಟ್ಟುಕೊಂಡರೆ 209 ಮೈಲಿಗೆ 46 ನಿಮಿಷ ಹಿಡಿಯುತ್ತದೆ. ಆದರೆ ಮೇಲೇರುವಾಗ ಮತ್ತು ಇಳಿಯಲು ಸರದಿಗೆ ಬರುವಾಗ ವೇಗ ಕಡಿಮೆಯಿರುತ್ತದೆ, ಎರಡೂ ಕಡೆ ನೆಲದ ಮೇಲಿನ ಓಡಾಟವೂ ಇದೆ. ಇವಕ್ಕೆಲ್ಲ 20ರಿಂದ 25 ನಿಮಿಷ ಸೇರಿಸಿದರೆ ಒಂದು ಗಂಟೆ ಹತ್ತು ನಿಮಿಷದ ಆಸುಪಾಸಿಗೆ ಬರುತ್ತೇವೆ. ಟಿಕೆಟ್ಟಿನಲ್ಲಿ ಇದಕ್ಕಿಂತ ತುಸು ಹೆಚ್ಚು ಕಂಡರೆ ಅಚ್ಚರಿಪಡಬೇಕಿಲ್ಲ. ವಿಮಾನಯಾನ ಸಂಸ್ಥೆಗಳು ವಿಳಂಬಕ್ಕೆಂದು ಒಂದಿಷ್ಟು ಸಮಯವನ್ನು ಮೊದಲೇ ಸೇರಿಸಿಕೊಂಡಿರುತ್ತವೆ.

ಹೋಗುವ ಮತ್ತು ಬರುವ ಸಮಯ ಒಂದೇ ಆಗಿರಬೇಕೆಂದಿಲ್ಲ. ಮೈಸೂರಿನ ದಾರಿ ಆಗ್ನೇಯ ದಿಕ್ಕಿಗೆ ವಾಲಿರುವುದರಿಂದ ಮುಂಗಾರಿನ ಪಡುವಣ ಗಾಳಿ ಭಾಗಶಃ ಹಿಂದಿನಿಂದ ನೂಕುತ್ತದೆ. ಗಾಳಿಯ ವೇಗ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ಇದ್ದರೆ ಸುಮಾರು 9 ನಾಟ್ ಅನುಕೂಲ ದೊರೆಯುತ್ತದೆ, ಮರಳುವಾಗ ಅಷ್ಟೇ ನಷ್ಟವಾಗುತ್ತದೆ. ಈ ದೂರದಲ್ಲಿ ವ್ಯತ್ಯಾಸ ಕೇವಲ ಮೂರು ನಿಮಿಷ; ದೆಹಲಿಯಂತಹ ದೂರದ ಊರಿಗಾದರೆ ಗಾಳಿಯನ್ನು ಕಡೆಗಣಿಸುವಂತಿಲ್ಲ.

ನೇರ ವಿಮಾನ ಇಲ್ಲದ ದಿನ 387 ಕಿ.ಮೀ. ಎಂಬ ಅಂಕಿಯಿಂದ ಪ್ರಯೋಜನವಿಲ್ಲ. ಇದೇ ಕ್ರಮದಲ್ಲಿ ಲೆಕ್ಕ ಹಾಕಿದರೆ ಹುಬ್ಬಳ್ಳಿಯಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೇ ಸುಮಾರು 371 ಕಿ.ಮೀ. ಆಗುತ್ತದೆ, ಅಲ್ಲಿಂದ ಮೈಸೂರಿಗೆ ಮತ್ತೆ 156 ಕಿ.ಮೀ. ಒಟ್ಟು ದೂರ 527 ಕಿ.ಮೀ.ಗೆ ಏರಿದರೂ ಹೆಚ್ಚು ಸಮಯ ತಿನ್ನುವುದು ಬೆಂಗಳೂರಿನಲ್ಲಿ ಕಾಯುವಿಕೆಯೇ. ಅಂತಹ ಪ್ರಯಾಣದಲ್ಲಿ ಎರಡೂ ವಿಮಾನಗಳನ್ನು ಒಂದೇ ಟಿಕೆಟ್ಟಿನಲ್ಲಿ ಕಾಯ್ದಿರಿಸುವುದು ಲೇಸು. ಬೇರೆ ಬೇರೆಯಾಗಿ ಕೊಂಡರೆ ಮೊದಲನೆಯದು ತಡವಾದಾಗ ಎರಡನೆಯದು ತಪ್ಪುವ ಹೊಣೆ ಸಾಮಾನ್ಯವಾಗಿ ಪ್ರಯಾಣಿಕರ ಮೇಲೆಯೇ ಬೀಳುತ್ತದೆ.