ಸೆಕೆಯ ಬೆವರೆಂದೇ ನಂಬಿದ್ದೆ

ಉಡುಪಿಯ ಏಪ್ರಿಲ್ ತಿಂಗಳಲ್ಲಿ ಬೆವರದವರು ಯಾರಿದ್ದಾರೆ? ಫ್ಯಾನಿನ ಕೆಳಗೆ ಕುಳಿತರೂ ಬಟ್ಟೆ ಬೆನ್ನಿಗೆ ಅಂಟುತ್ತದೆ. ಹಾಗಾಗಿಯೇ ನನ್ನ ಕಾಯಿಲೆ ನನಗೆ ಕಾಣಿಸಲಿಲ್ಲ. ರಥಬೀದಿಯಿಂದ ಸ್ವಲ್ಪ ದೂರದಲ್ಲಿ 22 ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಅಂಗೈ ಒದ್ದೆಯಾದರೆ 'ಎಂಥ ಸೆಕೆ' ಎಂದು ಸೆರಗಿಗೆ ಒರೆಸಿಕೊಂಡು ಮುಂದಿನ ರವಿಕೆ ಎತ್ತಿಕೊಳ್ಳುತ್ತಿದ್ದೆ.

ಕಣ್ಣು ತೆರೆಸಿದ್ದು ಒಂದು ಡಿಸೆಂಬರ್ ಬೆಳಗು. ಮದುಮಗಳ ತಿಳಿಗುಲಾಬಿ ರೇಷ್ಮೆ ರವಿಕೆಗೆ ಕೈಹೊಲಿಗೆ ಹಾಕುತ್ತಿದ್ದೆ. ಹೊರಗೆ ತಣ್ಣನೆಯ ಗಾಳಿ, ಮೈಯೆಲ್ಲ ಒಣಗಿತ್ತು. ಬಟ್ಟೆಯ ಮೇಲೆ ಮಾತ್ರ ನನ್ನ ಎಡ ಹೆಬ್ಬೆರಳಿನಷ್ಟು ಅಗಲದ ಕಲೆ. ಏನು ಮಾಡಿದರೂ ಹೋಗಲಿಲ್ಲ. ಆ ಮನೆಯವರಿಗೆ ಬಟ್ಟೆಯ ಹಣ ಕೊಟ್ಟೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಅಳತೆ ಪುಸ್ತಕದ ಕೊನೆಯ ಪುಟಗಳಲ್ಲಿ ಬೆವರಿನ ಲೆಕ್ಕ ಬರೆದಿಟ್ಟೆ: ಯಾವ ಹೊತ್ತು, ಮೈಯ ಯಾವ ಭಾಗ, ಆಗ ಏನು ಮಾಡುತ್ತಿದ್ದೆ. ಎರಡು ವಾರ ಕಳೆದು ಓದಿದಾಗ ಬೆಚ್ಚಿದೆ. ಬೆವರು ಎರಡೂ ಅಂಗೈಗಳಲ್ಲಿ, ಎರಡೂ ಅಂಗಾಲುಗಳಲ್ಲಿ, ಸಮಸಮನಾಗಿ. ಗಿರಾಕಿ ಎದುರು ನಿಂತು ಕಾಯುತ್ತಿದ್ದರೆ ಹನಿ ತೊಟ್ಟಿಕ್ಕುವಷ್ಟು. ನಡುರಾತ್ರಿ ಎಚ್ಚರವಾದೊಡನೆ ಮುಟ್ಟಿ ನೋಡಿದರೆ ಅಂಗೈ ಒಣಗಿರುತ್ತಿತ್ತು. ಸೆಕೆಯ ಬೆವರು ಹೀಗೆ ಜಾಗ ಆರಿಸಿಕೊಂಡು ಬರುವುದಿಲ್ಲ, ನಿದ್ದೆ ಹತ್ತಿದೊಡನೆ ನಿಲ್ಲುವುದೂ ಇಲ್ಲ.

ಹಿಂದಿನದೆಲ್ಲ ಆಗ ನೆನಪಾಯಿತು. ಏಳನೆಯ ತರಗತಿಯ ಪರೀಕ್ಷೆಯಲ್ಲಿ ಶಾಯಿ ಹರಡಿದ್ದು, ನನ್ನ ಪೆಟ್ಟಿಗೆಯ ಸೂಜಿಗಳು ಬೇಗ ತುಕ್ಕು ಹಿಡಿಯುತ್ತಿದ್ದದ್ದು, ಪಡಿತರದಂಗಡಿಯ ಯಂತ್ರ ನನ್ನ ಬೆರಳಚ್ಚನ್ನು ತೆಗೆದುಕೊಳ್ಳದೆ ಹೋದದ್ದು. ಮಳೆಗಾಲದಲ್ಲಿ ಹಿಮ್ಮಡಿಯಲ್ಲಿ ಸಣ್ಣ ಸಣ್ಣ ಕುಳಿಗಳು ಮೂಡಿ ದುರ್ವಾಸನೆ ಬರುತ್ತಿತ್ತು. ಸದಾ ಒದ್ದೆಯಾಗಿರುವ ಚರ್ಮದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದಕ್ಕೆ ಕಾರಣವೆಂದು ತಿಳಿದದ್ದು ವೈದ್ಯರು ಹೇಳಿದ ಮೇಲೆ. ಅಲ್ಲಿಯವರೆಗೆ, ನನ್ನಲ್ಲೇ ಏನೋ ಕೊಳಕಿದೆ ಎಂದು ಒಳಗೊಳಗೇ ಕುಗ್ಗಿದ್ದೆ. ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಈ ಕಾಯಿಲೆಯ ದೊಡ್ಡ ಪೆಟ್ಟು ಬೀಳುವುದು ಅಲ್ಲಿಯೇ. ಅಮ್ಮನ ಅಂಗೈಯೂ ಹೀಗೆಯೇ ಇತ್ತು. ಅವರು ಯಾರಿಗೂ ಹೇಳಿಕೊಳ್ಳಲಿಲ್ಲ.

ಚರ್ಮರೋಗ ತಜ್ಞೆ ನನ್ನ ಪುಟಗಳನ್ನು ಓದಿ, ಇದು ಹೈಪರ್‌ಹೈಡ್ರೋಸಿಸ್, ಅಂದರೆ ಅತಿಯಾಗಿ ಬೆವರುವ ಕಾಯಿಲೆ ಎಂದರು. ನಮ್ಮ ಮೈಯಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅಂಗೈ, ಅಂಗಾಲುಗಳಲ್ಲಿ ಬಹಳ ದಟ್ಟ. ನನ್ನ ಗ್ರಂಥಿಗಳು ಕೆಟ್ಟಿಲ್ಲ, ಅವುಗಳನ್ನು ಎಬ್ಬಿಸುವ ನರಗಳು ಅತಿಯಾಗಿ ಕೆಲಸ ಮಾಡುತ್ತಿವೆ. ಆದರೂ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿದರು. ಹೊಸದಾಗಿ ಮೈಯಿಡೀ ಬೆವರತೊಡಗಿದರೆ, ರಾತ್ರಿ ಹಾಸಿಗೆ ತೋಯ್ದರೆ, ಜೊತೆಗೆ ಜ್ವರವಿದ್ದರೆ ಅಥವಾ ತೂಕ ಇಳಿದರೆ ಅದರ ಹಿಂದೆ ಬೇರೆ ಕಾಯಿಲೆ ಇರಬಹುದು, ತಡಮಾಡಬಾರದು ಎಂದು ಒತ್ತಿ ಹೇಳಿದರು.

ಬೆವರು ತಡೆಯಲು ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಬರೆದುಕೊಟ್ಟರು. ಮೊದಲ ದಿನ ಕೈ ತೊಳೆದು ಒದ್ದೆಯಿರುವಾಗಲೇ ಹಚ್ಚಿಕೊಂಡು ಉರಿಯಿಂದ ಒದ್ದಾಡಿದೆ. ಮಲಗುವಾಗ ಚೆನ್ನಾಗಿ ಒಣಗಿದ ಚರ್ಮಕ್ಕೆ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ಅಂಗಾಲಿಗೆ ಅದು ಸಾಕಾಯಿತು. ಅಂಗೈಗೆ ಸಾಲದೆ, ನೀರಿನ ತಟ್ಟೆಯಲ್ಲಿ ಕೈಯಿರಿಸಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸುವ ಅಯಾಂಟೋಫೋರೆಸಿಸ್ ಮಾಡಿಸಿಕೊಂಡೆ: ಒಮ್ಮೆಗೆ 20 ನಿಮಿಷ, ವಾರಕ್ಕೆ 3 ಸಲ. ನಾಲ್ಕನೆಯ ವಾರದ ಹೊತ್ತಿಗೆ ಕತ್ತರಿಯ ಹಿಡಿ ಜಾರುವುದು ನಿಂತಿತು. ಚಿಕಿತ್ಸೆ ಬಿಟ್ಟರೆ ಬೆವರು ಮರಳುತ್ತದೆ, ಆದ್ದರಿಂದ ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ರೇಷ್ಮೆ ಹೊಲಿಯುವಾಗ ಎಡಗೈಯ ಅಡಿಗೆ ಇಂದಿಗೂ ಹತ್ತಿಯ ಕರವಸ್ತ್ರ ಹಾಸಿಕೊಳ್ಳುತ್ತೇನೆ. ಸಂಜೆ ಮಡಚುವಾಗ ಅದು ಒಣಗಿಯೇ ಇರುತ್ತದೆ.