ಬೊಲೊನ್ಯಾದಲ್ಲಿ ಮಧ್ಯಾಹ್ನದ ಊಟಕ್ಕೆ

ಇಟಲಿಯ ಬೊಲೊನ್ಯಾಗೆ ಒಂದು ದಿನದ ಮಟ್ಟಿಗೆ ಹೋದರೆ ಮಧ್ಯಾಹ್ನ ಹೋಟೆಲ್ ಹುಡುಕಬೇಡಿ. ದೊಡ್ಡ ಚೌಕದ ಪಕ್ಕದ ಕ್ವಾದ್ರಿಲಾತೆರೊ ಗಲ್ಲಿಗಳಲ್ಲಿ ಬ್ರೆಡ್, ಚೀಸ್, ಹಣ್ಣು ಕೊಂಡು, ಅಲ್ಲೇ ಇರುವ ಒಸ್ತೆರಿಯಾ ದೆಲ್ ಸೋಲೆಗೆ ಹೋಗಿ ಕೂತು ತಿನ್ನಿ. 1465ರಿಂದ ಇರುವ ಈ ವೈನ್ ಅಂಗಡಿಯಲ್ಲಿ ಕುಡಿಯೋಕೆ ಮಾತ್ರ ಕೊಡುತ್ತಾರೆ, ತಿನ್ನೋದನ್ನು ನಾವೇ ತರಬೇಕು. ಮರದ ಮೇಜಿನ ಮೇಲೆ ಪೊಟ್ಟಣ ಬಿಚ್ಚಿದರೆ ಯಾರೂ ಏನೂ ಅನ್ನಲ್ಲ. ಆದರೆ ಕುಡಿಯೋಕೆ ಏನಾದರೂ ಕೊಳ್ಳಲೇಬೇಕು. ವೈನ್ ಮುಟ್ಟದವರಿಗೆ, ಪುಟ್ಟ ಮಕ್ಕಳಿರುವವರಿಗೆ ಇದು ಅಷ್ಟು ಹೊಂದುವುದಿಲ್ಲ. ಸಸ್ಯಾಹಾರಿಗಳು ಗಮನಿಸಿ: ಅಸಲಿ ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಆಮೇಲೆ ಸುಮ್ನೆ ಸುತ್ತಾಡಿ, ಮಳೆ ಬಂದರೂ ಪರವಾಗಿಲ್ಲ. ಊರಿನ ಹಳೇ ಬೀದಿಗಳಲ್ಲಿ ಹೆಚ್ಚಿನವುಗಳ ಪಕ್ಕದಲ್ಲಿ ಮಾಡು ಇರುವ ಕಮಾನಿನ ಜಗಲಿ ಇದೆ.