ಏಳು ಕಿಲೋದಲ್ಲಿ ವಿಯೆಟ್ನಾಂ: ನಾನು ತಯಾರಾದ ಬಗೆ

2025ರ ಏಪ್ರಿಲ್‌ನಲ್ಲಿ ಹದಿನಾಲ್ಕು ದಿನ ವಿಯೆಟ್ನಾಂ ಸುತ್ತಿ ಬಂದೆ. ಒಬ್ಬಳೇ, ಬೆನ್ನಿಗೆ ಒಂದೇ ಬ್ಯಾಗ್. ನಾನು ಮೈಸೂರಿನವಳು, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ವಾಪಸ್ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಮೇಡಂ, ಹೊರಡೋಕೆ ಏನೇನು ಮಾಡ್ಕೊಂಡ್ರಿ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ದಿನಾಂಕ. ನಮಗೆ ರಜೆ ಸಿಗುವುದು ಏಪ್ರಿಲ್ 11ರ ನಂತರವೇ. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪಡೆಯಬೇಕು, ಹಾಗಾಗಿ ಜನವರಿಯಲ್ಲೇ ಅರ್ಜಿ ಕೊಟ್ಟೆ. ಆಮೇಲೆ ವಿಯೆಟ್ನಾಂ ಕ್ಯಾಲೆಂಡರ್ ತೆಗೆದು ಕೂತೆ. ಅಲ್ಲಿ ಏಪ್ರಿಲ್ 30 ಮತ್ತು ಮೇ 1 ಎರಡೂ ರಾಷ್ಟ್ರೀಯ ರಜೆ. ಅದರಲ್ಲೂ 2025ರ ಏಪ್ರಿಲ್ 30ಕ್ಕೆ ವಿಯೆಟ್ನಾಂ ಯುದ್ಧ ಮುಗಿದು ಐವತ್ತು ವರ್ಷ, ಹೋ ಚಿ ಮಿನ್ ಸಿಟಿಯಲ್ಲಿ ದೊಡ್ಡ ಮೆರವಣಿಗೆ. ಆ ಸಮಯಕ್ಕೆ ರೈಲು, ಬಸ್ಸು, ರೂಮು ಯಾವುದೂ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ 12ಕ್ಕೆ ಹನೋಯ್‌ನಲ್ಲಿ ಇಳಿದು, ರೈಲಿನಲ್ಲಿ ದಕ್ಷಿಣಕ್ಕೆ ಬರುತ್ತಾ, 25ಕ್ಕೆ ಹೋ ಚಿ ಮಿನ್ ಸಿಟಿಯಿಂದ ಹೊರಡುವ ಹಾಗೆ ಟಿಕೆಟ್ ಮಾಡಿದೆ. ಹೋಗುವ ದೇಶದ ಹಬ್ಬ, ರಜೆ, ಮಳೆ ಇಷ್ಟನ್ನು ನೋಡದೆ ಟಿಕೆಟ್ ತಗೊಳ್ಳಲೇಬೇಡಿ. ಟೆಟ್ ಅಂದರೆ ಅವರ ಹೊಸ ವರ್ಷ, ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದೊಳಗೆ ಬರುತ್ತದೆ, ಆಗ ಎಷ್ಟೋ ಅಂಗಡಿಗಳೇ ತೆರೆಯುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯ ಕರಾವಳಿಯಲ್ಲಿ ಜೋರು ಮಳೆ, ಪ್ರವಾಹ.

ವೀಸಾ ಕೆಲಸ ಕಷ್ಟ ಅಲ್ಲ, ಹೆಸರಿನ ಕೆಲಸ ಕಷ್ಟ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರಿಗೆ ಇದು ನಿಜವಾದ ತೊಂದರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅಂತ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿ ಬಿಡಿಸಿ ಬರೆದಿರುತ್ತದೆ. ನನ್ನ ಗೆಳತಿಯೊಬ್ಬಳು ನನಗಿಂತ ಮುಂಚೆ ಹೋಗಿದ್ದಳು. ಅವಳ ಅರ್ಜಿ ತುಂಬಿದ ಏಜೆಂಟ್ ಬರೀ ಇನಿಷಿಯಲ್ ಹಾಕಿಬಿಟ್ಟಿದ್ದರು. ಪಾಸ್‌ಪೋರ್ಟಿನ ಹೆಸರಿಗೆ ಅದು ಹೊಂದಲಿಲ್ಲ, ಕಟ್ಟಿದ ಶುಲ್ಕವೂ ವಾಪಸ್ ಬರುವುದಿಲ್ಲ. ಮತ್ತೆ ದುಡ್ಡು ಕಟ್ಟಿ, ಮತ್ತೆ ಕಾದು, ಹೊರಡುವ ಎರಡು ದಿನ ಮುಂಚೆ ಅವಳಿಗೆ ವೀಸಾ ಕೈಗೆ ಬಂತು. ಅವಳ ಗಾಬರಿ ನೋಡಿ ನಾನು ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಆ ಎರಡು ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ವಿಮಾನದ ಟಿಕೆಟ್, ವೀಸಾ, ಇನ್ಶೂರೆನ್ಸ್ ಮೂರಕ್ಕೂ ಆ ಚೀಟಿ ನೋಡಿಯೇ ಹೆಸರು ಹಾಕಿದೆ. ಹಾಗೇ ಪಾಸ್‌ಪೋರ್ಟ್ ಅವಧಿಯನ್ನೂ ನೋಡಿಕೊಳ್ಳಿ, ಇನ್ನೂ ಆರು ತಿಂಗಳಾದರೂ ಇರಬೇಕು.

ಇ-ವೀಸಾಗೆ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಾರೆ. ಸರ್ಕಾರದ ಸೈಟಿನ ವಿಳಾಸ "ಡಾಟ್ ಜಿಒವಿ ಡಾಟ್ ವಿಎನ್" ಅಂತ ಕೊನೆಯಾಗುತ್ತದೆ. ಅದೇ ಥರ ಕಾಣುವ ಏಜೆಂಟರ ಸೈಟುಗಳು ಬೇಕಾದಷ್ಟಿವೆ, ಅಲ್ಲಿ ದುಡ್ಡು ಜಾಸ್ತಿ. ಯಾವ ವಿಮಾನ ನಿಲ್ದಾಣದಿಂದ ಒಳಗೆ, ಯಾವುದರಿಂದ ಹೊರಗೆ ಅಂತಲೂ ಕೇಳುತ್ತಾರೆ, ಹಾಗಾಗಿ ಟಿಕೆಟ್ ನೋಡಿಕೊಂಡೇ ತುಂಬಬೇಕು. ಮೂರು ಕೆಲಸದ ದಿನ ಅನ್ನುತ್ತಾರೆ, ನನಗೆ ಐದು ದಿನ ಹಿಡಿಯಿತು. ಎರಡು ಪ್ರಿಂಟ್ ತೆಗೆದಿಟ್ಟುಕೊಂಡೆ.

ಈಗ ಬ್ಯಾಗ್. ನನ್ನ ಟಿಕೆಟ್‌ನಲ್ಲಿ ಕೈ ಸಾಮಾನು ಏಳು ಕಿಲೋ ಮಾತ್ರ, ಅದಕ್ಕಿಂತ ಒಂದು ಗ್ರಾಂ ಜಾಸ್ತಿಯಾದರೂ ಬೇರೆ ದುಡ್ಡು. ಮೊದಲ ಸಲ ತುಂಬಿ ನಮ್ಮ ಬೀದಿಯ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟಾಗ ಒಂಬತ್ತೂವರೆ ಕಿಲೋ ಇತ್ತು. ಅದನ್ನೇ ಹೊತ್ತುಕೊಂಡು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋದೆ. ಒಟ್ಟು ಸಾವಿರ ಚಿಲ್ಲರೆ ಮೆಟ್ಟಿಲು, ಏಳುನೂರರ ಹತ್ತಿರ ನಂದಿ. ನಂದಿ ತಲುಪುವ ಮುಂಚೆಯೇ ಎರಡೂ ಹೆಗಲು ಉರಿಯತೊಡಗಿದವು. ಅಲ್ಲೇ ಕೂತು ಪಟ್ಟಿಗಳನ್ನೆಲ್ಲ ಎಳೆದು ಬಿಟ್ಟು ನೋಡಿದಾಗ ಗೊತ್ತಾಯಿತು, ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕಟ್ಟಿದರೆ ಭಾರವೆಲ್ಲ ಅಲ್ಲಿಗೆ ಇಳಿಯುತ್ತದೆ, ಹೆಗಲು ಬರೀ ಬ್ಯಾಗ್ ಹಿಂದಕ್ಕೆ ವಾಲದ ಹಾಗೆ ಹಿಡಿದುಕೊಂಡಿರುತ್ತದೆ ಅಷ್ಟೇ. ಭಾರದ ಸಾಮಾನು ಬೆನ್ನಿಗೆ ಹತ್ತಿರ, ನಡುವೆ ಇರಬೇಕು. ನಾನು ಚಾರ್ಜರ್, ಪುಸ್ತಕ ಎಲ್ಲ ಹೊರಗಿನ ಜೇಬಿಗೆ ತುಂಬಿದ್ದೆ.

ಆಮೇಲೆ ಪ್ರತಿ ಭಾನುವಾರ ಬೆಟ್ಟ. ಪ್ರತಿ ಸಲ ಬಂದು ಏನಾದರೂ ಒಂದು ತೆಗೆದಿಡುವುದು. ಜೀನ್ಸ್ ಹೋಯಿತು, ಒಗೆದರೆ ಬೇಗ ಒಣಗುವುದಿಲ್ಲ. ಟರ್ಕಿ ಟವೆಲ್ ಹೋಯಿತು, ಬದಲಿಗೆ ಅಪ್ಪನ ತೆಳು ಮಗ್ಗದ ಟವೆಲ್ ಬಂತು, ಒಂದು ಗಂಟೆಯಲ್ಲಿ ಒಣಗುತ್ತದೆ, ಚಳಿಯಾದರೆ ಹೊದೆಯಬಹುದು. ಉತ್ತರದ ಬೆಟ್ಟದೂರು ಸಾಪಾ ನನ್ನ ಪಟ್ಟಿಯಲ್ಲಿತ್ತು. ಅದೊಂದಕ್ಕೋಸ್ಕರ ಸ್ವೆಟರ್, ಜಾಕೆಟ್ ಹೊರಬೇಕು ಅಂತ ಗೊತ್ತಾದಾಗ ಸಾಪಾನೇ ಬಿಟ್ಟೆ. ಬೇಜಾರಾಯಿತು ನಿಜ, ಆದರೆ ಹದಿನಾಲ್ಕು ದಿನಕ್ಕೆ ಅದು ಜಾಸ್ತಿಯೇ ಆಗುತ್ತಿತ್ತು. ಶೂ ಹೊಸದು ತಗೊಂಡಿದ್ದೆ, ಈ ಬೆಟ್ಟದಲ್ಲೇ ಅದು ಕಾಲಿಗೆ ಹೊಂದಿಕೊಂಡಿತು. ಹೊಸ ಶೂ ಹಾಕಿಕೊಂಡು ನೇರ ವಿಮಾನ ಹತ್ತಬೇಡಿ, ದಯವಿಟ್ಟು.

ಕೊನೆಗೆ 6.7 ಕಿಲೋ. ಮೂರು ಕುರ್ತಿ, ಎರಡು ಪ್ಯಾಂಟ್, ಒಳಉಡುಪು, ಮಳೆಗೆ ತೆಳು ಕೋಟು, ಓಆರ್‌ಎಸ್ ಮತ್ತು ಡಾಕ್ಟರ್ ಚೀಟಿ ಸಮೇತ ಮಾತ್ರೆಗಳು. ಪವರ್ ಬ್ಯಾಂಕ್ ಕೈ ಸಾಮಾನಿನಲ್ಲೇ ಇರಬೇಕು. ನನ್ನದು 20,000 ಎಂಎಎಚ್, ಅಂದರೆ 74 ವಾಟ್-ಅವರ್, ಮಿತಿ 100. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಕೂರುತ್ತದೆ, ಕರೆಂಟೂ 220 ವೋಲ್ಟ್. ದಪ್ಪ ಮೂರು ಪಿನ್ನಿನದಕ್ಕೆ ಮಾತ್ರ ಅಡಾಪ್ಟರ್ ಬೇಕು.

ದುಡ್ಡಿನ ವಿಷಯ. ಅಲ್ಲಿನ ದುಡ್ಡು ಡಾಂಗ್, ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಡಾಲರ್ ತಗೊಂಡು ಹೋಗಿ ಅಲ್ಲಿ ಬದಲಿಸಿದೆ. ನೋಟುಗಳು ಹೊಸದಾಗಿ, ಗೆರೆ, ಹರಕು ಇಲ್ಲದೆ ಇರಬೇಕು, ನೂರರ ನೋಟಿಗೆ ಒಳ್ಳೆಯ ದರ. ನಾನು ಹೋದಾಗ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಇತ್ತು. ಅದಕ್ಕೆ ಒಂದೇ ಲೆಕ್ಕ ಬಾಯಿಪಾಠ ಮಾಡಿಕೊಂಡೆ: 30 ಸಾವಿರ ಅಂದರೆ ನೂರು ರೂಪಾಯಿ. ಇನ್ನೊಂದು ಎಚ್ಚರ, 20 ಸಾವಿರದ ನೋಟೂ 5 ಲಕ್ಷದ ನೋಟೂ ಎರಡೂ ನೀಲಿ. ಒಂದು 66 ರೂಪಾಯಿ, ಇನ್ನೊಂದು 1,600ಕ್ಕೂ ಜಾಸ್ತಿ. ಬೇರೆಬೇರೆ ಜೇಬಿನಲ್ಲಿ ಇಟ್ಟೆ. ಕಾರ್ಡಿಗೆ ವಿದೇಶ ಬಳಕೆಯನ್ನು ನಾವೇ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಓಟಿಪಿ ಬರುವುದು ನಮ್ಮ ಊರಿನ ನಂಬರಿಗೇ, ಹಾಗಾಗಿ ಆ ಸಿಮ್ ತೆಗೆದಿಡಬೇಡಿ. ನಾನು ರೋಮಿಂಗ್ ಆನ್ ಮಾಡಿ ಡೇಟಾ ಮಾತ್ರ ಆಫ್ ಇಟ್ಟಿದ್ದೆ, ಇಂಟರ್ನೆಟ್ಟಿಗೆ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಹಾಕಿಕೊಳ್ಳುವ ಸಿಮ್.

ಊಟ. ನಾನು ಸಸ್ಯಾಹಾರಿ, ಅಮ್ಮನಿಗೆ ಇದೇ ದೊಡ್ಡ ಚಿಂತೆ. "ಅಲ್ಲಿ ಏನು ತಿಂತೀಯೇ, ಎಲ್ಲದಕ್ಕೂ ಮೀನು ಹಾಕ್ತಾರಂತೆ" ಅಂದರು. ಅವರ ಮಾತು ಸುಳ್ಳಲ್ಲ, ಮೀನಿನ ರಸವನ್ನು ಅಲ್ಲಿ ನಾವು ಉಪ್ಪು ಹಾಕಿದ ಹಾಗೆ ಹಾಕುತ್ತಾರೆ. ಆದರೆ ಅಲ್ಲಿನ ಬೌದ್ಧರಲ್ಲಿ ಸಸ್ಯಾಹಾರದ ಹಳೆಯ ಪದ್ಧತಿ ಇದೆ, ಅದಕ್ಕೆ "ಚಾಯ್" ಅನ್ನುತ್ತಾರೆ. ಚಾಂದ್ರಮಾನ ತಿಂಗಳ ಒಂದನೇ ಮತ್ತು ಹದಿನೈದನೇ ದಿನ ತುಂಬಾ ಜನ ಚಾಯ್ ಊಟವನ್ನೇ ಮಾಡುತ್ತಾರೆ. "ನಾನು ಚಾಯ್, ಮೀನಿನ ರಸ ಬೇಡ" ಅಂತ ಅವರ ಭಾಷೆಯಲ್ಲಿ ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ ಕೊರಳಿಗೆ ಹಾಕುವ ಪೌಚಿನಲ್ಲಿ ಇಟ್ಟೆ. ಅನುವಾದದ ಆ್ಯಪ್‌ನಲ್ಲಿ ವಿಯೆಟ್ನಾಮೀಸ್ ಭಾಷೆ, ಜೊತೆಗೆ ಊರುಗಳ ಮ್ಯಾಪ್ ಎರಡನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿದೆ.

ಅಮ್ಮ ಒಂದು ಕಿಲೋ ಚಟ್ನಿಪುಡಿ, ಕೋಡುಬಳೆ, ಒಣಕೊಬ್ಬರಿ ಗಿಟುಕು ಎಲ್ಲ ಕಟ್ಟಿಟ್ಟಿದ್ದರು. ಒಣಕೊಬ್ಬರಿ ಬೆಂಕಿ ಹತ್ತಿಕೊಳ್ಳುವ ವಸ್ತು ಅಂತ ವಿಮಾನದಲ್ಲಿ ತಡೆಯುತ್ತಾರೆ. ಇಷ್ಟು ತೂಕವೂ ಆಗದು ಅಂತ ಕೂರಿಸಿಕೊಂಡು ಹೇಳಿದೆ. ಕೊನೆಗೆ 200 ಗ್ರಾಂ ಚಟ್ನಿಪುಡಿಗೆ ಇಬ್ಬರೂ ಒಪ್ಪಿದೆವು. ಅದನ್ನು ಸಣ್ಣ ಪೊಟ್ಟಣ ಮಾಡಿ ಬ್ಯಾಗಿನ ಮೇಲ್ಗಡೆಯೇ ಇಟ್ಟೆ. ಕೈ ಸಾಮಾನಿನಲ್ಲಿ ಖಾರದ ಪುಡಿ ತಡೆಯಬಹುದು, ಬೇಡ ಅಂದರೆ ಅಲ್ಲೇ ಕೊಟ್ಟು ಹೋಗುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ತೆಗೆದು ನೋಡಿದರು, ಏನು ಅಂತ ಕೇಳಿದರು, ಬಿಟ್ಟರು.

ಹನೋಯ್‌ನಲ್ಲಿ ಇಳಿದ ದಿನ ಹುಣ್ಣಿಮೆ. ಹಾಗಾಗಿ ಮೊದಲ ರಾತ್ರಿಯೇ ಚಾಯ್ ಊಟ ಹುಡುಕಬೇಕಾಗಲಿಲ್ಲ. ಕೆಲವು ದಿನದ ಮೇಲೆ ಮಧ್ಯ ವಿಯೆಟ್ನಾಂನ ಹುಯೆಯಿಂದ ಡಾನಾಂಗ್‌ಗೆ ರೈಲು ಹತ್ತಿ ಎಡಗಡೆ ಕಿಟಕಿಗೆ ಕೂತೆ, ದಕ್ಷಿಣಕ್ಕೆ ಹೋಗುವಾಗ ಸಮುದ್ರ ಕಾಣುವುದು ಆ ಕಡೆಗೆ. ಸ್ಟೇಷನ್ ಹೊರಗೆ ಬರೀ ಅನ್ನ ಕಟ್ಟಿಸಿಕೊಂಡಿದ್ದೆ. ಹಾಯ್ ವಾನ್ ಘಾಟಿನ ತಿರುವುಗಳಲ್ಲಿ ರೈಲು ನಿಧಾನವಾದಾಗ ಪೊಟ್ಟಣ ಬಿಚ್ಚಿ ಕಲಸಿಕೊಂಡು ತಿಂದೆ. ಎದುರಿಗಿದ್ದ ಅಜ್ಜಿ ಕೈ ಚಾಚಿದರು, ಅವರಿಗೂ ಒಂದು ಚಿಟಿಕೆ ಕೊಟ್ಟೆ.